ನಾಲ್ಕು ಸಲ ಹಾಕಿದ ಸಹಿ

ಕಾರು ಮನೆಗೆ ಬಂದು ಇಪ್ಪತ್ತೆರಡು ದಿನವಾಗಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಅಷ್ಟರಲ್ಲೇ ಅದು ಹಗ್ಗ ಕಟ್ಟಿಸಿಕೊಂಡು, ಇನ್ನೊಂದು ಗಾಡಿಯಿಂದ ಎಳೆಸಿಕೊಂಡು ಸರ್ವಿಸ್ ಸೆಂಟರಿನ ಗೇಟಿಗೆ ಬಂದು ನಿಂತಿತ್ತು.

"ನಾಲ್ಕು ರಸ್ತೆ ಸೇರೋ ಜಾಗದಲ್ಲಿ ನಿಂತುಬಿಡ್ತು," ಕಾರಿನಿಂದಿಳಿದು ಕೌಂಟರಿಗೆ ಓಡಿಬಂದ ಅವಳು ಹೇಳಿದಳು. "ಅಪ್ಪನಿಗೆ ಡಯಾಲಿಸಿಸ್ ಮುಗಿಸ್ಕೊಂಡು ಬರ್ತಿದ್ವಿ. ಸುತ್ತಲೂ ಹಾರ್ನ್... ಅವರಿಗೆ ಇಳಿಯೋಕೂ ಆಗಲ್ಲ. ಹೊಸ ಕಾರು ಇದು, ಹೊಸದು..."

ಕೌಂಟರಿನ ಆಚೆ ಕೂತಿದ್ದ ಸರ್ವಿಸ್ ಅಡ್ವೈಸರ್ ತಲೆ ಎತ್ತಿದ. ಕಿವಿಯ ಮೇಲೆ ಪೆನ್ನು. ಮೂಗಿನ ತುದಿಗೆ ಜಾರಿದ ಕನ್ನಡಕ. ಅವನು ಕಂಪ್ಯೂಟರ್ ಕಡೆ ನೋಡಲಿಲ್ಲ. ಎದ್ದು ಹೋಗಿ ಒಂದು ಕುರ್ಚಿ ತಂದ.

"ಮೊದಲು ಕೂತ್ಕೊಳ್ಳಿ ಮೇಡಂ. ಅಪ್ಪಾವ್ರನ್ನ ನಾನು ಕರ್ಕೊಂಡು ಬರ್ತೀನಿ."

ಅವನ ತೋಳು ಹಿಡಿದು ಅಪ್ಪ ಮೆಲ್ಲಗೆ ಒಳಗೆ ಬಂದರು. "ಮೂವತ್ತು ವರ್ಷ ಬಸ್ಸು ಓಡಿಸಿದೆ ಕಣಪ್ಪಾ. ಶುದ್ಧ ಡಕೋಟಾ ಬಸ್ಸು. ಅದೂ ನಡುರಸ್ತೆಯಲ್ಲಿ ಹೀಗೆ ನನ್ನ ಮರ್ಯಾದೆ ತೆಗೆದಿರಲಿಲ್ಲ."

ಸಂಜೆ ಕಾರು ತಿರುಗಿ ಸಿಕ್ಕಿತು. ಓಡಿಸಿ ನೋಡಿದರೂ ದೋಷ ಕಾಣಲಿಲ್ಲವಂತೆ. ಜೊತೆಗೊಂದು ಚೀಟಿ: 'ಸಮಸ್ಯೆ ಸರಿಹೋಗಿದೆ. ನನಗೆ ತೃಪ್ತಿ ಇದೆ.'

"ಸರಿಹೋಗಿದೆಯೋ ಇಲ್ವೋ, ಓಡಿಸದೆ ಹೇಗೆ ಸಹಿ ಹಾಕ್ಲಿ?"

"ನಿಜ ಮೇಡಂ." ಅವನು ಕಿವಿಯಿಂದ ಪೆನ್ನು ತೆಗೆದು ಸಂಕೋಚದಿಂದ ಮುಂದೆ ಹಿಡಿದ. "ಆದ್ರೆ ಚೀಟಿ ಇಲ್ಲದೆ ಗಾಡಿ ಹೊರಗೆ ಹೋದ್ರೆ, ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಮ್ಯಾನೇಜರ್ ನನ್ನನ್ನ ನಿಲ್ಲಿಸಿ ಬೈತಾರೆ."

ಅಪ್ಪನಿಗೆ ಕುರ್ಚಿ ತಂದವನು... ಪಾಪ ಅನ್ನಿಸಿತು. ಸಹಿ ಹಾಕಿದಳು.

ಹದಿನೈದು ದಿನಕ್ಕೆ ಕಾರು ಮತ್ತೆ ನಿಂತಿತು. ಅವಳು ಮತ್ತೆ ಅದೇ ಕೌಂಟರಿನ ಮುಂದೆ ನಿಂತಳು. ಅವಳ ಕೆಲಸ ಕನ್ನಡಕದಂಗಡಿಯಲ್ಲಿ. ಜಾರುವ ಕನ್ನಡಕ ಕಂಡರೆ ಕೈ ಸುಮ್ಮನಿರದು. ಕೈಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, "ಕೊಡಿ ಇಲ್ಲಿ," ಎಂದು ಅವನ ಕನ್ನಡಕದ ತಿರುಪು ಬಿಗಿದಳು.

"ಸರಿಹೋಯ್ತು," ಅಂದ ಅವನು. "ಚೀಟಿ ಕೇಳಲ್ವಾ?"

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಆ ನಗುವಿನಲ್ಲೇ ಎರಡನೇ ಸಹಿಯೂ ಬಿತ್ತು.

ಮೂರನೇ ಸಲ ಕಾರು ನಿಂತಾಗ ಅಳು ಬಂತು. ಅಳುತ್ತಲೇ, 'ಇವತ್ತು ಅವರನ್ನ ನೋಡಬಹುದು' ಅಂತ ಮನಸ್ಸಿನ ಮೂಲೆಯಲ್ಲಿ ಏನೋ ಮಿಸುಕಿತು. ಛೇ... ಅಪ್ಪನ ಜೀವಕ್ಕೆ ಬಂದಿರುವಾಗ ಇದೆಂಥ ಹುಚ್ಚು? ಆ ಸಲವೂ ಸಹಿ ಹಾಕಿಯೇ ಕಾರು ತಂದಳು.

ಒಂದು ರಜೆಯ ದಿನ ಅವನೇ ಮನೆಗೆ ಬಂದ.

"ನಮ್ಮವರು ಹತ್ತು ನಿಮಿಷ ಓಡಿಸಿ ತಂದುಬಿಡ್ತಾರೆ. ನೀವು ಓಡಿಸೋ ಹಾಗೇ ನೋಡಬೇಕು. ಇವತ್ತು ಆಸ್ಪತ್ರೆಗೆ ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಅಪ್ಪನ ಹಾಸಿಗೆಯ ಪಕ್ಕ ಕೂತ. ಹಿಂತಿರುಗುವಾಗ ಮೂರನೇ ಕಿಲೋಮೀಟರಿಗೆ ಕಾರು ಕೆಮ್ಮಿತು, ನಿಂತಿತು.

"ನೋಡಿದ್ಯಾ ಕಿವಿಪೆನ್ನೇ?" ಹಿಂದಿನಿಂದ ಅಪ್ಪ ಅಂದರು. "ನಾಲ್ಕು ಗಂಟೆ ಸೂಜಿ ಚುಚ್ಚಿಸ್ಕೊಂಡವನು ನಾನು. ಸುಸ್ತಾಗಿರೋದು ಇದಕ್ಕೆ."

ಅವನು ನಗಲಿಲ್ಲ. "ಈಗ ನಾನೇ ಕಣ್ಣಾರೆ ಕಂಡೆ. ಬರೆದು ಹಾಕ್ತೀನಿ," ಅಂದ.

ಮರುದಿನ ಯಾವುದೋ ಭಾಗ ಬದಲಾಯಿತು. ನಾಲ್ಕನೇ ಸಹಿ ಹಾಕುವಾಗ ಅವಳು ಚೀಟಿಯನ್ನು ಓದಲೂ ಇಲ್ಲ.

ಐದನೇ ಸಲ ಕಾರು ನಿಂತದ್ದು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಅವತ್ತಿನ ಡಯಾಲಿಸಿಸ್ ಸರದಿ ತಪ್ಪಿತು. ಮರುದಿನಕ್ಕೆ ಅಪ್ಪನ ಪಾದ ಊದಿತು, ಉಸಿರು ಸಿಕ್ಕಿಹಾಕಿಕೊಂಡಿತು. ಅವರು ಸ್ವಲ್ಪ ಸುಧಾರಿಸಿದ ಮೇಲೆ ಅವಳು ನೇರವಾಗಿ ಮ್ಯಾನೇಜರ್ ಕೋಣೆಗೆ ಹೋದಳು.

"ಬೇರೆ ಕಾರು ಕೊಡಿ. ಇದು ಬೇಡ."

ಮ್ಯಾನೇಜರ್ ನಾಲ್ಕು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಪ್ರತಿ ಸಲ ತೃಪ್ತಿ ಇದೆ ಅಂತ ನೀವೇ ಬರ್ಕೊಟ್ಟಿದ್ದೀರಿ. ದೋಷ ಇದೆ ಅನ್ನೋಕೆ ನಮ್ಮಲ್ಲಿ ಒಂದು ದಾಖಲೆಯೂ ಇಲ್ಲ."

ಅವಳು ಬಾಗಿಲ ಬಳಿ ನಿಂತಿದ್ದವನ ಕಡೆ ತಿರುಗಿದಳು. "ನೀವು ನೋಡಿದ್ದೀರಲ್ಲ... ಹೇಳಿ."

ಅವನು ನೆಲ ನೋಡಿದ. ಬಾಯಿ ಬಿಡಲಿಲ್ಲ.

ಕುರ್ಚಿ, ನಗು, ಆಸ್ಪತ್ರೆಯ ನಾಲ್ಕು ಗಂಟೆ... ಎಲ್ಲವೂ ಈ ನಾಲ್ಕು ಸಹಿಗಾಗಿಯೇ? ಅವಳು ಅವನತ್ತ ನೋಡದೆ ಹೊರಟುಬಿಟ್ಟಳು.

ಅವಳೇ ಅರ್ಜಿ ಬರೆದು ಗ್ರಾಹಕ ನ್ಯಾಯಾಲಯಕ್ಕೆ ಹಾಕಿದಳು. ಅವನ ಫೋನ್ ಬಂದರೆ ಎತ್ತಲಿಲ್ಲ. ಮೂರು ಸಲ ವಿಚಾರಣೆ ಮುಂದಕ್ಕೆ ಹೋಯಿತು. ಪ್ರತಿ ಸಲವೂ ಅಂಗಡಿಗೆ ರಜೆ, ಅಪ್ಪನನ್ನು ನೋಡಿಕೊಳ್ಳಲು ಪಕ್ಕದ ಮನೆಯವರ ಮುಂದೆ ಕೈಯೊಡ್ಡುವುದು. ನಾಲ್ಕನೇ ಸಲ ಅವನು ಕಂಪನಿಯ ವಕೀಲರ ಪಕ್ಕದಲ್ಲಿ ಕೂತಿದ್ದ. ಅವರ ಕಡೆಯ ಸಾಕ್ಷಿ.

ಇನ್ನೇನು ಉಳಿದಿದೆ, ಅಂದುಕೊಂಡಳು.

ಪೀಠದಲ್ಲಿದ್ದ ಹಿರಿಯ ಸದಸ್ಯೆ ಚೀಟಿಗಳನ್ನು ಒಂದೊಂದಾಗಿ ತಿರುವಿದರು. "ಮೊದಲನೇದು ತಿಳಿಯದೆ ಅನ್ನೋಣ. ಆಮೇಲೆ? ಸರಿಹೋಗದ ಕಾರಿಗೆ ನಾಲ್ಕು ಸಲ ಯಾಕಮ್ಮಾ ಸಹಿ ಹಾಕಿದೆ?"

ಇಷ್ಟು ಜನರ ಮುಂದೆ... ಅವನ ಮುಂದೆ. ಸುಳ್ಳು ಹೇಳಲು ಬರದು. ನಿಜ ಹೇಳಿದರೆ ಮಾನ ಹೋಗುತ್ತದೆ.

"ಹಾಕದಿದ್ರೆ..." ಅವಳು ತಲೆ ತಗ್ಗಿಸಿದಳು. "ಹಾಕದಿದ್ರೆ ಅವರಿಗೆ ಬೈತಿದ್ರು ಮೇಡಂ. ಎಲ್ಲರ ಮುಂದೆ. ಅದನ್ನ ನನ್ನಿಂದ... ತಡೆಯೋಕಾಗ್ತಿರಲಿಲ್ಲ."

ಸದಸ್ಯೆ ಅದನ್ನು ಬರೆದುಕೊಂಡರು.

ಅವನ ಸರದಿ ಬಂತು. ವಕೀಲರು ಕೇಳುವ ಮೊದಲೇ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದ.

"ಅಪ್ಪಾವ್ರ ಜೊತೆ ಹೋದ ದಿನ ನಾನು ಬರೆದದ್ದು ಇದು. ದಿನಾಂಕ, ಓಡಿದ ಕಿಲೋಮೀಟರ್, ಕಾರು ನಿಂತ ಜಾಗ, ಎಲ್ಲ ಇದೆ. ಮ್ಯಾನೇಜರ್ ಇದನ್ನ ಹರಿದು ಹಾಕು ಅಂದ್ರು. ಹರಿಯಲಿಲ್ಲ. ಹೊರಗೆ ತೆಗೆಯೋ ಧೈರ್ಯವೂ ಅವತ್ತು ಇರಲಿಲ್ಲ."

ವಕೀಲರ ಮುಖ ಕಪ್ಪಿಟ್ಟಿತು. ತೀರ್ಪೇನೂ ಅವತ್ತೇ ಬರಲಿಲ್ಲ. ಹೊರಗಿನ ತಜ್ಞರಿಂದ ಕಾರಿನ ಪರೀಕ್ಷೆಯಾಗಲಿ ಎಂದು ಮುಂದಿನ ತಿಂಗಳ ತಾರೀಖು ಕೊಟ್ಟರು. ಅಲ್ಲಿಯವರೆಗೆ ಅದೇ ಕಾರು, ಅದೇ ದಾರಿ.

ಹೊರಗೆ ಮೆಟ್ಟಿಲ ಮೇಲೆ ಅವನು ಕಾದಿದ್ದ. ಕಿವಿಯ ಮೇಲೆ ಪೆನ್ನಿರಲಿಲ್ಲ.

"ಕೆಲಸ?" ಅವಳು ಕೇಳಿದಳು.

"ನಾಳೆಯಿಂದ ಬರೋದು ಬೇಡ ಅಂದ್ರು." ಅವನು ಒಂದು ಮೆಟ್ಟಿಲು ಇಳಿದ. "ಅವತ್ತೇ ಬಾಯಿ ಬಿಡಬೇಕಿತ್ತು. ನೀವು ನನಗೋಸ್ಕರ ನಾಲ್ಕು ಸಲ ಹಾಕಿದ್ರಿ. ನಾನು ನಿಮಗೋಸ್ಕರ ಒಂದು ಮಾತು ಆಡಲಿಲ್ಲ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ಅವಳ ಕಣ್ಣು ತುಂಬಿತು. ಮಂಜಾದ ಕಣ್ಣಿಗೂ ಕಂಡಿತು, ಅವನ ಕನ್ನಡಕ ಮತ್ತೆ ಮೂಗಿನ ತುದಿಗೆ ಜಾರಿತ್ತು.

"ಕೊಡಿ ಇಲ್ಲಿ."

ಅವಳು ಪುಟ್ಟ ತಿರುಪು ಬಿಗಿದಳು. ಕನ್ನಡಕವನ್ನು ತಾನೇ ಅವನ ಮೂಗಿಗೆ ಏರಿಸಿದಳು.

"ಸರಿಹೋಯ್ತಾ?"

"ಇಲ್ಲ," ಅಂದ ಅವನು ಮೆಲ್ಲಗೆ. "ಮತ್ತೆ ಸಡಿಲ ಆಗುತ್ತೆ. ಮತ್ತೆ ಬರ್ತೀನಿ... ಬರಬಹುದಾ?"

"ಬನ್ನಿ. ನಾಳೆ ಅಪ್ಪನ ಡಯಾಲಿಸಿಸ್ ಇದೆ. ಕಾರು ನಿಂತ್ರೆ ತಳ್ಳೋಕೆ ನಾನೊಬ್ಬಳೇ."

"ಇನ್ನು ಒಬ್ಬರೇ ಅಲ್ಲ."