ಹಲಸಿನ ಗಾಯ

ಪೀಣ್ಯದ ಶೆಡ್ಡೊಂದರಲ್ಲಿ ಶಿಲ್ಪಿ ಸಿದ್ಧಾರ್ಥ್ ತನ್ನದೇ ಶಿಲ್ಪದಡಿ ಸತ್ತು ಬಿದ್ದಿದ್ದ. ಹಲಸಿನ ದಿಮ್ಮಿಯಲ್ಲಿ ಕಡೆದ ಬೀಜದ ಕೋಡು ಅದು. ಆಳೆತ್ತರಕ್ಕಿಂತ ಮಿಗಿಲು. ಬಾಯಿ ಬಿರಿದು ಇನ್ನೇನು ಬೀಜ ಚೆಲ್ಲುವಂತಿತ್ತು. ಬುಡ ಮುರಿದು ಅವನ ಎದೆಯ ಮೇಲೆ ಉರುಳಿತ್ತು. ಅಕ್ಕಪಕ್ಕದ ಲೇತ್ ಯಂತ್ರಗಳು ಎಂದಿನಂತೆ ಕೂಗುತ್ತಿದ್ದವು.

ಸಬ್‌ಇನ್ಸ್‌ಪೆಕ್ಟರ್ ಭಾಗ್ಯಶ್ರೀ ಬಗ್ಗಿ ನೋಡಿದಳು. ಗೋಡೆಯತ್ತ ತಿರುಗಿದ್ದ ಬುಡದ ಹಿಂಬದಿಯನ್ನು ಯಾರೋ ಉಳಿಯಿಂದ ಆಳವಾಗಿ ತೋಡಿದ್ದರು. ಉಳಿದಿದ್ದ ಮರ ಭಾರ ತಾಳದೆ ಮುರಿದಿತ್ತು. ಇದು ಅಪಘಾತವಲ್ಲ.

ಆ ಬದಿಗಿದ್ದ ಕಿಟಕಿಯನ್ನೊಮ್ಮೆ ನೋಡಿ, ಫೋಟೋ ತೆಗೆಸಿ, ಬುಡಕ್ಕೆ ಕಪ್ಪು ಪ್ಲಾಸ್ಟಿಕ್ ಸುತ್ತಲು ಹೇಳಿದಳು.

"ಶೆಡ್ಡೊಳಗೆ ಎಲ್ಲಿ ಮಳೆ ಬರುತ್ತೆ ಮೇಡಂ?" ಎಂದ ಪೇದೆ ಹನುಮಯ್ಯ.

"ಮಳೆಗಲ್ಲ ಹನುಮಯ್ಯ, ಬಿಸಿಲಿಗೆ."

ಶೆಡ್ಡಿನ ಯಜಮಾನ ವೆಂಕಟರಮಣಪ್ಪ. ಅರ್ಧ ಶೆಡ್ಡಿನಲ್ಲಿ ಅವನ ಕಬ್ಬಿಣದ ಕೆಲಸ. ಸಿದ್ಧಾರ್ಥನ ಶಿಲ್ಪಗಳಿಗೆ ಉಕ್ಕಿನ ಸ್ಟ್ಯಾಂಡು ಮಾಡಿಕೊಡುತ್ತಿದ್ದವನೂ ಅವನೇ.

"ನಿನ್ನೆ ಬೆಳಗ್ಗೆ ನಾನೇ ಬುಡದ ಸುತ್ತ ಕೈಯಾಡಿಸಿ ನೋಡಿದ್ದೆ ಮೇಡಂ. ಗಟ್ಟಿಯಾಗೇ ಇತ್ತು. ಆಮೇಲೆ ಇಲ್ಲಿದ್ದೋನು ಆ ಯಮನಪ್ಪ ಒಬ್ನೇ."

ಯಮನಪ್ಪ ಯಾದಗಿರಿ ಕಡೆಯವನು. ಹಿಂದಿನ ವಾರವಷ್ಟೇ ಊರಿಂದ ಬಂದು ಸಹಾಯಕನಾಗಿ ಸೇರಿದ್ದ. ಒಂದು ಸಣ್ಣ ಶಿಲ್ಪ ಸೀಳಿದನೆಂದು ಸಿದ್ಧಾರ್ಥನಿಂದ ಬೈಸಿಕೊಂಡಿದ್ದ. ಅವನ ಚೀಲದಲ್ಲಿ ಸಿಕ್ಕ ಉಳಿಯ ಅಗಲ ಗುರುತುಗಳಿಗೆ ಸರಿಹೊಂದಿತು. ಮಧ್ಯಾಹ್ನಕ್ಕೆ ಅವನು ಲಾಕಪ್ಪಿನಲ್ಲಿದ್ದ.

\* \* \*

ಠಾಣೆಯ ಮೆಟ್ಟಿಲ ಮೇಲೆ ಯಮನಪ್ಪನ ಹೆಂಡತಿ ದುರ್ಗವ್ವ ಕೂತಿದ್ದಳು. ಆ ಉಳಿ ಶೆಡ್ಡಿನ ಗೂಟದಲ್ಲಿ ತೂಗುತ್ತಿತ್ತೆಂದೂ ಗಂಡ ಕೆಲಸಕ್ಕೆ ಸೇರಿದ ದಿನ ಸಿದ್ಧಾರ್ಥನೇ ಅದನ್ನು ಕೊಟ್ಟನೆಂದೂ ಹೇಳಿದಳು.

"ಕೊಲ್ಲಾಕ ಹೊಂಟಾವ ಆ ಉಳಿನ ಚೀಲದಾಗ ಇಟ್ಕೊಂಡು ಮನಿಗೆ ಬರ್ತಾನೇನ್ರಿ ಮೇಡಂ?"

ಭಾಗ್ಯಶ್ರೀ ಜೀಪು ಹತ್ತಿದಳು.

\* \* \*

ಶೆಡ್ಡಿನಲ್ಲಿ ವೆಂಕಟರಮಣಪ್ಪನ ಎದುರೇ ಪ್ಲಾಸ್ಟಿಕ್ ಬಿಚ್ಚಿಸಿದಳು.

"ಯಜಮಾನ್ರೇ, ಮುರಿದ ಕಡೆ ಯಾವ ಬಣ್ಣ?"

"ಅರಿಶಿನ."

"ತೋಡಿದ ಕಡೆ?"

ಅವನು ಬಗ್ಗಿ ನೋಡಿದ. ಅಲ್ಲಿ ಮರ ಬೆಲ್ಲದಂತೆ ಕಂದಾಗಿತ್ತು.

"ನಮ್ಮನೆ ಬಾಗಿಲು ಹಲಸಿಂದು. ಬೀಗ ಬದಲಿಸಿದಾಗ ಕೆತ್ತಿದ ಜಾಗ ಹೀಗೇ ಅರಿಶಿನ ಇತ್ತು. ಬೆಳಕು ಬಿದ್ದು ಬಿದ್ದು ಕಂದಾಗೋಕೆ ತಿಂಗಳುಗಳೇ ಹಿಡಿದ್ವು. ಇದನ್ನ ತೋಡಿದಾಗ ಯಮನಪ್ಪ ಯಾದಗಿರೀಲಿದ್ದ. ನಿನ್ನೆ ಬುಡ ಗಟ್ಟಿಯಾಗಿತ್ತು ಅಂತ ನೀವೇ ಅಂದ್ರಿ. ಇಲ್ಲದೇ ಇರೋ ಮರಾನ ಹೇಗೆ ಮುಟ್ಟಿದ್ರಿ?"

ಅವನು ಬದುಕಿಡೀ ಉಕ್ಕು ಕತ್ತರಿಸಿದವನು. ಕತ್ತರಿಸಿದ ಉಕ್ಕಿಗೆ ಎಣ್ಣೆ ಸವರಿಟ್ಟರೆ ವರ್ಷ ಕಳೆದರೂ ನಿನ್ನೆ ಕತ್ತರಿಸಿದಂತೆಯೇ ಇರುತ್ತದೆ. ಮರದ ಗಾಯಕ್ಕೆ ವಯಸ್ಸಾಗುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ.

ವೆಂಕಟರಮಣಪ್ಪ ಸ್ಟೂಲಿನ ಮೇಲೆ ಕೂತ.

"ಅವನ ಎಲ್ಲಾ ಶಿಲ್ಪಕ್ಕೂ ಕಾಲು ಕೊಟ್ಟೋನು ನಾನು. ಈ ಸಲ ಸ್ಟ್ಯಾಂಡೇ ಬೇಡ ಅಣ್ಣ, ಮರ ತಾನೇ ನಿಲ್ಲುತ್ತೆ ಅಂದ. ಬಂದೋರ್ಗೆಲ್ಲ ಅದನ್ನೇ ಹೇಳ್ಕೊಂಡು ನಗೋನು. ನಿಲ್ಲು ನೋಡೋಣ ಅಂದ್ಕೊಂಡೆ."

"ತೋಡಿದ ಮೇಲಾದ್ರೂ ಹೇಳಬಹುದಿತ್ತು."

"ದಿನಾ ಹೇಳೋಣ ಅಂತಲೇ ಬರ್ತಿದ್ದೆ. ಅದನ್ನ ಮಗು ಥರ ಸವರ್ತಾ ಇರೋನು. ಅದ್ನ ನೋಡ್ಕೊಂಡು ಹಂಗೇ ಲೇತಿಗೆ ಹೋಗ್ಬಿಡ್ತಿದ್ದೆ."

\* \* \*

ಸಂಜೆ ಯಮನಪ್ಪನನ್ನು ಬಿಟ್ಟರು. ದುರ್ಗವ್ವ ಚೀಲ ಎತ್ತಿಕೊಂಡಳು. ಅವನು ಬಾಗಿಲಲ್ಲೇ ನಿಂತ.

"ಮೇಡಂ, ಆ ಉಳಿ?"

ಅದು ಸಾಕ್ಷ್ಯ, ಕೋರ್ಟಿಗೆ ಹೋಗುತ್ತದೆ ಎಂದಳು ಭಾಗ್ಯಶ್ರೀ.

"ಸಿದ್ಧಾರ್ಥ ಸಾಹೇಬ್ರು ಕೈಯಾರೆ ಕೊಟ್ಟಿದ್ರು ರೀ ಅದನ್ನ," ಎಂದ ಯಮನಪ್ಪ. ಮೆಟ್ಟಿಲಿಳಿದ.