ಕೆಂಪು ಚುಕ್ಕಿ, ಹಸಿರು ಚುಕ್ಕಿ

ಭದ್ರಾವತಿ ನ್ಯೂ ಟೌನಿನ ರಕ್ತ ಪರೀಕ್ಷೆಯ ಲ್ಯಾಬಿಗೆ ಸುಪ್ರಿಯಾ ಶಿವಮೊಗ್ಗದಿಂದ ಬಂದದ್ದೇ ಜಗಳಕ್ಕೆ. ಅಲ್ಲಿನ ಕಂಪ್ಯೂಟರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟವಳು ಅವಳೇ. ಹಿಂದಿನ ದಿನವಷ್ಟೇ ಅದಕ್ಕೆ ಹೊಸ ರೂಪ ಕೊಟ್ಟಿದ್ದಳು. ‘ಹೆಚ್ಚು’, ‘ನಾರ್ಮಲ್’ ಎಂಬ ಅಕ್ಷರ ತೆಗೆದು, ಕೆಂಪು, ಹಸಿರು ಚುಕ್ಕಿ ಇಟ್ಟಿದ್ದಳು. ಕೌಂಟರಿನಲ್ಲಿ ರಿಪೋರ್ಟ್ ಕೊಡುವ ಯುವರಾಜನದು ಬೆಳಗಿನಿಂದ ಫೋನಿನಲ್ಲಿ ಒಂದೇ ಹಠ: ಹಳೆಯದೇ ಬೇಕು.

ತಿಂಗಳುಗಟ್ಟಲೆ ಫೋನಿನಲ್ಲಿ ಕೇಳಿ ಕೇಳಿ ಅವಳಿಗೆ ಇಷ್ಟವಾಗಿದ್ದ ದನಿ ಅದು. ಅದಕ್ಕೇ ಸಿಟ್ಟೂ ಹೆಚ್ಚು.

“ಏನ್ರೀ ಕೊರತೆ ಇದರಲ್ಲಿ? ಎಷ್ಟು ಚಂದ ಮಾಡಿದ್ದೆ!”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಮೆಲ್ಲಗೆ ಮೇಡಮ್. ನನಗೆ ಕೆಂಪು, ಹಸಿರು ಒಂದೇ ಥರ ಕಾಣ್ತವೆ, ಹುಟ್ಟಿದಾಗಿಂದ. ಇಲ್ಲಿ ಯಾರಿಗೂ ಗೊತ್ತಿಲ್ಲ.”

“ಮತ್ತೆ ಬೆಳಿಗ್ಗೆಯಿಂದ ರಿಪೋರ್ಟ್ ಹೇಗೆ ಕೊಟ್ರಿ?”

“ಮೊದಲನೇದು ಮಾತ್ರ ಅಂದಾಜಲ್ಲಿ ಹೇಳ್ದೆ. ಹುಲಿಗೆಮ್ಮಂಗೆ, ಶುಗರ್ ನಾರ್ಮಲ್ ಅಂತ. ಆಮೇಲೆ ಭಯ ಆಗಿ ಮಿಕ್ಕವನ್ನ ತಡೆದಿಟ್ಟೆ.”

ಅವಳು ಪರದೆಗೆ ಬಾಗಿದಳು. ಹುಲಿಗೆಮ್ಮನ ಹೆಸರಿನ ಮುಂದಿನ ಚುಕ್ಕಿ ಕಡುಗೆಂಪಾಗಿತ್ತು.

ಯುವರಾಜ್ ಹುಲಿಗೆಮ್ಮನಿಗೆ ಫೋನ್ ಮಾಡಿದ. ರಿಂಗಾಯಿತು, ಅವಳು ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ಇಬ್ಬರೂ ಬೈಕ್ ಹತ್ತಿ ಅವಳ ಮನೆಗೆ ಹೊರಟರು. ಸುಪ್ರಿಯಾ ಅವನ ಭುಜ ಹಿಡಿದು ಕೂತಳು.

ಹುಲಿಗೆಮ್ಮ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕರೆದರೆ ಕಣ್ಣು ಅರ್ಧ ತೆರೆದಳು, ಮಾತು ತೊದಲಿತು. ಆಟೋದಲ್ಲಿ ಅವಳ ತಲೆ ಸುಪ್ರಿಯಾಳ ತೊಡೆಯ ಮೇಲಿತ್ತು. ಆಸ್ಪತ್ರೆ ಬರುವವರೆಗೂ ಸುಪ್ರಿಯಾ ಆ ಉಸಿರನ್ನೇ ಕೇಳುತ್ತಿದ್ದಳು.

ಡಾಕ್ಟರ್ ಹೊರಗೆ ಬಂದು, “ತಡ ಮಾಡಿದ್ರೆ ಕಷ್ಟ ಇತ್ತು. ಈಗ ಪರವಾಗಿಲ್ಲ” ಅಂದರು. ಯುವರಾಜ್ ಸುಪ್ರಿಯಾಳ ಪಕ್ಕ ಬೆಂಚಿನ ಮೇಲೆ ಕೂತ.

“ಓನರಿಗೆ ಹೇಳ್ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ.”

“ಅಕ್ಷರ ತೆಗೆದವಳು ನಾನು. ಇಬ್ರೂ ಹೇಳೋಣ.”

ಇಬ್ಬರೂ ಲ್ಯಾಬಿಗೆ ಮರಳಿದರು. ಓನರ್ ಶಿವಪ್ರಸಾದ್ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?” ಎಂದು ಗದರಿ, ಸುಪ್ರಿಯಾಳತ್ತ ತಿರುಗಿದರು. “ನೀನು ಅಕ್ಷರ ವಾಪಸ್ ಹಾಕಮ್ಮ. ಇವನು ನಾಳೆನೂ ಇಲ್ಲೇ ಕೂರ್ಬೇಕು.”

ಅವಳು ಕಂಪ್ಯೂಟರ್ ಮುಂದೆ ಕೂತಳು. ಅವನು ಪಕ್ಕದಲ್ಲಿ ನಿಂತ.

“ಓನರಿಗಿಂತ ನಿಮಗೆ ಹೇಳೋಕೇ ಹೆಚ್ಚು ಹೆದರ್ಕೊಂಡಿದ್ದೆ” ಅಂದ.

“ಯಾಕೆ?”

“ಇನ್ಮೇಲೆ ನನ್ನ ಫೋನ್ ಎತ್ತಲ್ಲ ಅಂತ. ದಿನಾ ಸಾಫ್ಟ್‌ವೇರ್ ಕೆಡಲ್ಲ ಮೇಡಮ್. ಸುಮ್ನೆ ನೆಪ ಹೇಳಿ ಮಾಡ್ತಿದ್ದೆ.”

ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತವು.

“ನೆಪ ಅಂತ ನಂಗೊತ್ತಿತ್ತು, ಮಾರಾಯ” ಅಂದಳು. “ಆದ್ರೂ ಒಂದು ದಿನ ಫೋನ್ ಬರ್ದಿದ್ರೆ ಭಯ ಆಗ್ತಿತ್ತು.”