ಸದನದ ಬಾವಿಯಲ್ಲಿ ಒಮ್ಮತ

ಸಭಾಧ್ಯಕ್ಷರ ಪೀಠದ ಮೇಲ್ಗಡೆ ತೂಗುಹಾಕಿದ್ದ ದುಂಡನೆಯ ಫಲಕದಲ್ಲಿ ಹಸಿರು ಅಂಕಿಯೊಂದು ಬೆಳಗಿತು: ಮೂರು. ಅಂದರೆ ಕೃಷ್ಣಾ-ತುಂಗಾ ಪ್ರಾಂತಸಭೆಯ ಸದಸ್ಯರಲ್ಲಿ ಆ ಹೊತ್ತಿನ ಒಮ್ಮತ ನೂರಕ್ಕೆ ಮೂರು. ಪರಿಸರ ಸಚಿವ ಅಮರೇಗೌಡ ಹಂಚಿನಾಳರು ಇಂಗಾಲ ತೆರಿಗೆಯ ಮಸೂದೆಯನ್ನು ಸಮರ್ಥಿಸಿ ಮುಕ್ಕಾಲು ಗಂಟೆ ಮಾತನಾಡಿ ಕುಳಿತಾಗ ಅದು ಎರಡಕ್ಕೆ ಇಳಿಯಿತು. ವೀಕ್ಷಕರ ಗ್ಯಾಲರಿಯಲ್ಲಿದ್ದ ಡಾಕ್ಟರ್ ನೀಲಾಂಬಿಕೆ ಮಸ್ಕಿ ಹಣೆ ಒತ್ತಿಕೊಂಡಳು. ಸಚಿವರ ಭಾಷಣ ಸಚಿವರನ್ನೇ ಒಪ್ಪಿಸಿರಲಿಲ್ಲ.

ಆ ಫಲಕದ ಹೆಸರು ಒಮ್ಮತಮಾಪಕ. ಅದನ್ನು ಕಂಡುಹಿಡಿದವಳು ನೀಲಾಂಬಿಕೆಯೇ. ಮನುಷ್ಯ ತಾನು ನಂಬಿದ್ದನ್ನು ಹೇಳುವಾಗ ಧ್ವನಿಪೆಟ್ಟಿಗೆಯ ಸ್ನಾಯುಗಳು ಒಂದು ಬಗೆಯಲ್ಲಿ ಕಂಪಿಸುತ್ತವೆ, ನಂಬದ್ದನ್ನು ಹೇಳುವಾಗ ಇನ್ನೊಂದು ಬಗೆಯಲ್ಲಿ. ಈ ಸ್ವರಕಂಪನ ನಮ್ಮ ಕಿವಿಗೆ ಸಿಗದಷ್ಟು ಸೂಕ್ಷ್ಮ, ಯಂತ್ರಕ್ಕೆ ಸಿಗುತ್ತದೆ. ಯಾರು ಯಾವ ಉಪಾಯವನ್ನು ಮನಸಾರೆ ಒಪ್ಪುತ್ತಾರೆ ಎಂಬುದನ್ನು ಅದು ಮಾತಿನಿಂದ ಸೋಸಿ ತೆಗೆಯುತ್ತದೆ. ಎಲ್ಲರ ಒಪ್ಪಿಗೆಗಳು ಕೂಡುವ ಜಾಗವನ್ನು ಹುಡುಕಿ ಮಸೂದೆಯ ಕರಡನ್ನೂ ಬರೆದುಕೊಡುತ್ತದೆ. ಷರತ್ತು ಒಂದೇ: ಜನ ಆಗೊಮ್ಮೆ ಈಗೊಮ್ಮೆಯಾದರೂ ನಂಬಿದ್ದನ್ನು ಮಾತನಾಡಬೇಕು. ಪ್ರಾಂತಸಭೆಗೆ ಯಂತ್ರವನ್ನು ತರುವಾಗ ಆ ಷರತ್ತು ಇಷ್ಟು ಭಾರವಾದೀತೆಂದು ಆಕೆಗೆ ಹೊಳೆದಿರಲಿಲ್ಲ.

ಹೊಗೆ ಕಡಿಮೆ ಮಾಡುವ ಉಪಾಯಗಳಿಗೇನೂ ಬರವಿರಲಿಲ್ಲ. ತೆರಿಗೆ ಹಾಕಬಹುದಿತ್ತು. ಕಾರ್ಖಾನೆಗಳಿಗೆ ಹೊಗೆಯ ಮಿತಿ ಗೊತ್ತುಮಾಡಿ, ಮಿಕ್ಕಿದ ಪಾಲನ್ನು ತಮ್ಮತಮ್ಮಲ್ಲೇ ಮಾರಿಕೊಳ್ಳಲು ಬಿಡಬಹುದಿತ್ತು. ಸೌರವಿದ್ಯುತ್ತಿಗೆ ಸಹಾಯಧನ ಕೊಡಬಹುದಿತ್ತು, ಇಲ್ಲವೆ ಕಲ್ಲಿದ್ದಲಿನ ಸ್ಥಾವರಗಳಿಗೆ ನೇರವಾಗಿ ಬೀಗ ಜಡಿಯಬಹುದಿತ್ತು. ಈಗ ವಿರೋಧ ಪಕ್ಷದ ನಾಯಕಿಯಾಗಿರುವ ಹಂಪಮ್ಮ ಗಬ್ಬೂರರು ಕಳೆದ ಅವಧಿಯಲ್ಲಿ ಅಧಿಕಾರದಲ್ಲಿದ್ದಾಗ ತೆರಿಗೆ ಬೇಕೆಂದಿದ್ದರು. ಆಗ ಅಮರೇಗೌಡರು ಅದನ್ನು ಬಡವರ ಹೊಟ್ಟೆಯ ಮೇಲೆ ಹೊಡೆಯುವ ತೆರಿಗೆ ಎಂದು ಮಸೂದೆಯನ್ನು ಹರಿದೆಸೆದಿದ್ದರು. ಈಗ ಅಮರೇಗೌಡರಿಗೆ ತೆರಿಗೆ ಬೇಕು, ಹರಿಯುವ ಸರದಿ ಹಂಪಮ್ಮನವರದು. ಇಬ್ಬರೂ ಎದುರಾಳಿಯ ಹಳೆಯ ಭಾಷಣವನ್ನೇ ಚಾಚೂ ತಪ್ಪದೆ ಮಾಡುತ್ತಿದ್ದರು.

ಇದು ಬರೀ ನಗುವ ವಿಷಯವಾಗಿದ್ದರೆ ನೀಲಾಂಬಿಕೆಯೂ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ಅಧಿವೇಶನ ಮುಗಿಯುವುದರೊಳಗೆ ಯಾವುದಾದರೊಂದು ಕಾಯ್ದೆ ಆಗದಿದ್ದರೆ, ಪ್ರಾಂತ್ಯದ ಕಲ್ಲಿದ್ದಲು ಸ್ಥಾವರಗಳ ಪರವಾನಗಿ ಇನ್ನೂ ಇಪ್ಪತ್ತು ವರ್ಷಗಳಿಗೆ ತಾನಾಗಿಯೇ ನವೀಕರಣವಾಗುತ್ತಿತ್ತು. ಶಾಲೆಗಳಿಗೆ ಆಗಲೇ ಫೆಬ್ರುವರಿಯಿಂದ ಬಿಸಿಲು ರಜೆ. ಹಿಂದಿನ ವರ್ಷ ಆಕೆಯ ಎಂಟು ವರ್ಷದ ಮಗಳು ಚಿನ್ಮಯಿ ಶಾಲೆಯ ಬಸ್ಸಿನಲ್ಲೇ ಬಿಸಿಲ ಹೊಡೆತಕ್ಕೆ ಪ್ರಜ್ಞೆ ತಪ್ಪಿದ್ದಳು. ಆಸ್ಪತ್ರೆಯಲ್ಲಿ ಕಣ್ಣು ತೆರೆದಾಗ ತಾಯಿಯ ಗುರುತು ಹಿಡಿಯಲು ಅವಳಿಗೆ ಬಹಳ ಹೊತ್ತು ಬೇಕಾಗಿತ್ತು. ಇನ್ನೂ ಇಪ್ಪತ್ತು ವರ್ಷ ಅದೇ ಹೊಗೆ ಎಂಬುದನ್ನು ಆಕೆಯಿಂದ ಯೋಚಿಸಲೂ ಆಗುತ್ತಿರಲಿಲ್ಲ.

ಸಭೆ ಮುಂದೂಡಿದ ಮೇಲೆ ಆಕೆ ಅಮರೇಗೌಡರನ್ನು ಮೊಗಸಾಲೆಯಲ್ಲಿ ಅಡ್ಡಗಟ್ಟಿದಳು.

"ಸಾಹೇಬ್ರ, ನಿಮ್ಮ ಮಸೂದೆಯನ್ನ ನೀವೇ ನಂಬಂಗಿಲ್ಲೇನ್ರಿ?"

ಗೌಡರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ನಕ್ಕರು. "ಡಾಕ್ಟ್ರ, ಸದನದಾಗ ಆಡೋ ಮಾತು ಟೀವಿಗೆ ರೀ. ಖರೇ ಮಾತು ಕೇಳಬೇಕಂದ್ರ ಕ್ಯಾಂಟೀನಿಗೆ ಬರ್ರಿ."

ಆಕೆ ಹೋಗಿ ನೋಡಿದಳು. ಬೆಳಗಿನಿಂದ ಒಬ್ಬರ ಮೇಲೊಬ್ಬರು ಹರಿಹಾಯ್ದವರು ಒಂದೇ ಮೇಜಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಹಂಚಿಕೊಂಡು ತಿನ್ನುತ್ತಿದ್ದರು. "ಅಕ್ಕಾ, ತೆರಿಗಿ ದೊಡ್ಡ ಕಾರ್ಖಾನೆಗಷ್ಟ ಹಾಕಿದ್ರ ನಿಮ್ಮದೇನು ತಕರಾರು?" ಎಂದು ಗೌಡರು ಹಂಪಮ್ಮನವರನ್ನು ಕೇಳಿದರು. "ಹಾಕ್ರಿ ಗೌಡ್ರ. ಆದ್ರ ಸ್ಥಾವರ ಮುಚ್ಚಿದ ಮ್ಯಾಲೆ ನಮ್ಮ ಹುಡುಗರ ಪಗಾರ ನಿಲ್ಲಬಾರದು ನೋಡ್ರಿ," ಎಂದು ಅವರು ಮಿರ್ಚಿಯ ತೊಟ್ಟು ಮುರಿದರು. ಎಷ್ಟೋ ವರ್ಷಗಳಿಂದ ಕಗ್ಗಂಟಾಗಿದ್ದ ವಿಷಯ ಚಹಾ ಆರುವುದರೊಳಗೆ ಅರ್ಧ ಬಿಚ್ಚಿಕೊಂಡಿತ್ತು.

ಮರುದಿನವೇ ಸಭಾಧ್ಯಕ್ಷರ ಅನುಮತಿ ಪಡೆದು ಆಕೆ ಒಮ್ಮತಮಾಪಕದ ಇನ್ನೊಂದು ಧ್ವನಿಗ್ರಾಹಿಯನ್ನು ಕ್ಯಾಂಟೀನಿನ ಛಾವಣಿಗೆ ಕಟ್ಟಿಸಿದಳು. ಬಾಗಿಲಿಗೆ ಸೂಚನೆಯನ್ನೂ ಅಂಟಿಸಿದ್ದಳು, ಆದರೆ ಸರ್ಕಾರಿ ಸೂಚನೆಯನ್ನು ಓದುವ ಚಟ ಸದಸ್ಯರಲ್ಲಿ ಯಾರಿಗೂ ಇರಲಿಲ್ಲ. ಸಂಜೆಯ ಹೊತ್ತಿಗೆ ಆಕೆಯ ಕೈಯಲ್ಲಿನ ನಿಯಂತ್ರಣ ಪೆಟ್ಟಿಗೆಯ ಪರದೆಯಲ್ಲಿ ಅಂಕಿ ಎಂಬತ್ತೊಂದಕ್ಕೆ ಏರಿತು. ಯಂತ್ರ ಚೊಕ್ಕವಾದ ಕರಡೊಂದನ್ನು ಬರೆದುಕೊಟ್ಟಿತು: ದೊಡ್ಡ ಕಾರ್ಖಾನೆಗಳಿಗೆ ತೆರಿಗೆ, ಆ ಹಣದಿಂದ ಸ್ಥಾವರದ ಕೆಲಸಗಾರರಿಗೆ ಸಂಬಳ ಮತ್ತು ಹೊಸ ಕೆಲಸ, ಹಂತಹಂತವಾಗಿ ಸ್ಥಾವರಗಳಿಗೆ ಬೀಗ. ಎಷ್ಟು ವರ್ಷಗಳಲ್ಲಿ ಎಂಬ ಒಂದೇ ಜಾಗ ಖಾಲಿ ಉಳಿದಿತ್ತು.

ಸಂತೋಷದಲ್ಲಿ ಆಕೆ ಮಾಡಬಾರದ ಕೆಲಸ ಮಾಡಿದಳು. ಬೆಳಿಗ್ಗೆ ಸದನ ಸೇರುತ್ತಲೇ ಆ ಕರಡನ್ನೂ ಎಂಬತ್ತೊಂದು ಎಂಬ ಅಂಕಿಯನ್ನೂ ಎಲ್ಲರಿಗೂ ಕಾಣುವಂತೆ ಫಲಕದ ಮೇಲೆ ಹಾಕಿಸಿದಳು.

ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ "ಮಿರ್ಚಿ ಮೈತ್ರಿ" ಎಂದು ಹುಯಿಲೆದ್ದಿತು. ಹಂಪಮ್ಮನವರ ಕ್ಷೇತ್ರದಲ್ಲಿ ಅವರದೇ ಕಾರ್ಯಕರ್ತರು ಅವರ ಪ್ರತಿಕೃತಿ ಸುಟ್ಟರು, ಅದೂ ಕಲ್ಲಿದ್ದಲು ಹಾಕಿ. ಗೌಡರಿಗೆ ಪಕ್ಷದಿಂದ ನೋಟಿಸು ಬಂತು. ಕ್ಯಾಂಟೀನಿನಲ್ಲಿ ಆಡಳಿತದವರು ಒಂದು ಗೋಡೆಗೆ, ವಿರೋಧದವರು ಇನ್ನೊಂದು ಗೋಡೆಗೆ ಮುಖ ಮಾಡಿ ಕುಳಿತರು. ಒಬ್ಬ ಸದಸ್ಯರಂತೂ ತಟ್ಟೆಯಲ್ಲಿದ್ದ ಮಿರ್ಚಿಯನ್ನೇ "ಮಾನ್ಯರೇ" ಎಂದು ಸಂಬೋಧಿಸಿ ಛಾವಣಿಗೆ ಕೇಳುವಂತೆ ಎದುರು ಪಕ್ಷವನ್ನು ಖಂಡಿಸಿದರು. ಅಂಕಿ ಒಂದಕ್ಕೆ ಬಂದು ನಿಂತಿತು.

ಹಂಪಮ್ಮನವರು ನೀಲಾಂಬಿಕೆಯನ್ನು ಕಂಬದ ಮರೆಗೆ ಕರೆದರು. ಬೈಯುತ್ತಾರೆಂದು ಆಕೆ ಅಂದುಕೊಂಡಿದ್ದಳು. ಅವರ ದನಿಯಲ್ಲಿ ದಣಿವಷ್ಟೇ ಇತ್ತು.

"ಏನ್ ಮಾಡಿದಿ ತಂಗಿ? ಮನುಷಾರಾಗಿ ಕುಂದರಾಕ ನಮಗ ಇದ್ದದ್ದು ಅದೊಂದ ಜಾಗಾ. ಅದನ್ನೂ ಕಸಗೊಂಡಿ."

"ಒಳ್ಳೇದಾಗಲಿ ಅಂತ ಮಾಡಿದೆ, ಹಂಪಮ್ಮಾರ."

"ಗೊತ್ತೈತಿ. ನೀ ಕೆಟ್ಟಾಕಿ ಆಗಿದ್ರ ನಿನ್ನ ಸಂಭಾಳಿಸೋದು ನಮಗ ಸಲೀಸಿತ್ತು."

ನೀಲಾಂಬಿಕೆ ಧ್ವನಿಗ್ರಾಹಿಯನ್ನು ತಾನೇ ಏಣಿ ಹತ್ತಿ ಬಿಚ್ಚಿದಳು. ಏನೂ ಪ್ರಯೋಜನವಾಗಲಿಲ್ಲ. ಒಮ್ಮೆ ಕಿವಿ ಮೂಡಿದ ಛಾವಣಿಯನ್ನು ಯಾರೂ ಮತ್ತೆ ನಂಬಲಿಲ್ಲ.

ಅಧಿವೇಶನದ ಕೊನೆಯ ದಿನ ಬಂತು. ಗೌಡರು ಯಂತ್ರದ ಆ ಕರಡನ್ನೇ ಮಸೂದೆಯಾಗಿ ಮಂಡಿಸಲು ಎದ್ದದ್ದೇ ತಡ, ಹಂಪಮ್ಮನವರ ಹಿಂದೆ ವಿರೋಧ ಪಕ್ಷವೆಲ್ಲ ಪೀಠದ ಮುಂದಿನ ಬಾವಿಗೆ ಇಳಿಯಿತು. ಅವರನ್ನು ತಡೆಯುವ ನೆಪದಲ್ಲಿ ಆಡಳಿತ ಪಕ್ಷವೂ ಇಳಿಯಿತು. ಧಿಕ್ಕಾರ, ಅನ್ಯಾಯ, ನಾಚಿಕೆಗೇಡು ಎಂಬ ಕೂಗಿಗೆ ಗಾಜುಗಳು ಅದುರಿದವು. ಅಷ್ಟು ಸದ್ದಿನಲ್ಲಿ ಒಂದು ಸ್ವರವನ್ನು ಇನ್ನೊಂದರಿಂದ ಬೇರ್ಪಡಿಸಲಾಗದೆ ಒಮ್ಮತಮಾಪಕ ಸೊನ್ನೆ ತೋರಿಸಿತು. ಎಲ್ಲ ಮುಗಿಯಿತು ಎಂದುಕೊಂಡ ನೀಲಾಂಬಿಕೆಗೆ ಅಳು ಬಂತು, ಆಕೆ ಅದನ್ನು ತಡೆಯಲೂ ಹೋಗಲಿಲ್ಲ.

ಕಣ್ಣೊರೆಸಿಕೊಂಡು ನೋಡಿದಾಗ ಬಾವಿಯ ನಟ್ಟನಡುವೆ ಗೌಡರೂ ಹಂಪಮ್ಮನವರೂ ಮೂಗಿಗೆ ಮೂಗು ತಾಗುವಂತೆ ನಿಂತು ಅರಚುತ್ತಿದ್ದರು. ಇಬ್ಬರ ಎಡಗೈ ಮುಷ್ಟಿ ಗಾಳಿಯಲ್ಲಿತ್ತು. ಬಲಗೈಗಳು ಮಾತ್ರ ಕಾಣುತ್ತಿರಲಿಲ್ಲ. ಗೌಡರ ಹೆಗಲಿನಿಂದ ಜಾರಿದ ಶಲ್ಯ ಅವೆರಡನ್ನೂ ಮುಚ್ಚಿತ್ತು. ಶಲ್ಯ ಹಿಡಿದು ಜಗ್ಗಾಟ ನಡೆದಿದೆ ಎಂದು ಟೀವಿಯವರು ಗಂಟಲು ಹರಿದುಕೊಳ್ಳುತ್ತಿದ್ದರು. ದನದ ಸಂತೆಯಲ್ಲಿ ದಲ್ಲಾಳಿಗಳು ಹೀಗೆಯೇ ವ್ಯಾಪಾರ ಕುದುರಿಸುವುದನ್ನು ನೀಲಾಂಬಿಕೆ ಸಣ್ಣವಳಿದ್ದಾಗ ನೋಡಿದ್ದಳು. ಬಟ್ಟೆಯ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ, ಹಿಡಿದಷ್ಟು ಬೆರಳೇ ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

ಶಲ್ಯ ಒಮ್ಮೆ ಅಲುಗಿತು. ಹಂಪಮ್ಮನವರು "ಕೊಲೆಗಡುಕ ಸರ್ಕಾರ!" ಎಂದು ಕೂಗಿ, ಅದೇ ಉಸಿರಿನಲ್ಲಿ ತುಟಿ ಅಲುಗಿಸದಂತೆ ಏನೋ ಅಂದರು. ಗೌಡರು ತಲೆ ಅಡ್ಡಡ್ಡ ಆಡಿಸಿ "ಅಭಿವೃದ್ಧಿ ವಿರೋಧಿಗಳು!" ಎಂದು ಗರ್ಜಿಸಿದರು. ಶಲ್ಯ ಇನ್ನೊಮ್ಮೆ ಅಲುಗಿತು, ಆಮೇಲೆ ನಿಂತಿತು. ಗೌಡರು ಅದನ್ನು ಕಿತ್ತುಕೊಂಡವರಂತೆ ಹಿಂದೆ ಸರಿದು, ಸಿಟ್ಟಿನಿಂದ ಪೀಠದ ಮೇಜು ಗುದ್ದಿ, ಸಭಾಧ್ಯಕ್ಷರ ಮುಖದ ಮುಂದೆ ನಾಲ್ಕು ಬೆರಳು ಕುಣಿಸಿದರು.

"ಸ್ಥಾವರಗಳಿಗೆ ನಾಲ್ಕು ವರ್ಷಗಳಲ್ಲಿ ಬೀಗ ಎಂದು ತಿದ್ದಿದ ಮಸೂದೆಯನ್ನು ಮತಕ್ಕೆ ಹಾಕುತ್ತಿದ್ದೇನೆ," ಎಂದು ಸಭಾಧ್ಯಕ್ಷರು ಒದರಿದರು. "ಒಪ್ಪುವವರು ಹೌದು ಎನ್ನಿ." ಇಡೀ ಸದನ "ಅನ್ಯಾಯ, ಅನ್ಯಾಯ" ಎಂದಿತು. "ಹೌದು ಎಂದವರ ದನಿ ಹೆಚ್ಚಿದೆ. ಮಸೂದೆ ಅಂಗೀಕಾರವಾಗಿದೆ." ಪ್ರಜಾಪ್ರಭುತ್ವ ಸತ್ತಿತು ಎಂದು ಕೂಗುತ್ತ ವಿರೋಧ ಪಕ್ಷ ಸಭಾತ್ಯಾಗ ಮಾಡಿತು. ಆದರೆ ತಲೆ ಎಣಿಸಿ ಎಂದು ಒಬ್ಬರಾದರೂ ಕೇಳಲಿಲ್ಲ.

ಫಲಕದಲ್ಲಿ ಆಗಲೂ ಸೊನ್ನೆಯೇ ಇತ್ತು.

ಮಧ್ಯಾಹ್ನ ಸದನ ಮತ್ತೆ ಸೇರಿತು. ಸಭಾಧ್ಯಕ್ಷರು ಭಾವಪರವಶರಾಗಿದ್ದರು. ಇಷ್ಟು ದೊಡ್ಡ ಕಾಯ್ದೆಗೆ ಒಮ್ಮತಮಾಪಕವೇ ಕಾರಣ ಎಂದು ಅವರು ಮನಸಾರೆ ನಂಬಿದ್ದರು. ಗದ್ದಲದಲ್ಲಿ ಯಂತ್ರಕ್ಕೆ ಕೇಳಿಸದಿದ್ದುದೊಂದೇ ಕೊರತೆ. ಆದ್ದರಿಂದ ಮುಂದಿನ ಅಧಿವೇಶನದ ಹೊತ್ತಿಗೆ ಬಾವಿಯ ಸುತ್ತಲೂ ಧ್ವನಿಗ್ರಾಹಿಗಳನ್ನು ಹೂಳಿಸೋಣ ಎಂದು ಘೋಷಿಸಿ, ವಿಜ್ಞಾನಿಯನ್ನು ಮಾತನಾಡಲು ಕರೆದರು.

"ಡಾಕ್ಟರ್, ಗದ್ದಲದಿಂದ ಮಾತನ್ನು ಸೋಸಿ ತೆಗೆಯಲು ಸಾಧ್ಯವೇ?"

ಸಾಧ್ಯವಿತ್ತು. ಗದ್ದಲಶೋಧಕ ಆಕೆಯ ಪ್ರಯೋಗಾಲಯದಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಜೋಡಿಸಿದರೆ ಜಗತ್ತಿನ ಎಲ್ಲ ಶಾಸನಸಭೆಗಳೂ ಆಕೆಯ ಬಾಗಿಲಿಗೆ ಬರುತ್ತಿದ್ದವು. ಕೆಳಗೆ ಅಮರೇಗೌಡರು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಹಂಪಮ್ಮನವರು ಆಕೆಯನ್ನೇ ನೋಡುತ್ತಿದ್ದರು. ಕಾಯ್ದೆಯೇನೋ ಆಗಿತ್ತು, ಆದರೆ ನಾಲ್ಕು ವರ್ಷ ಅದನ್ನು ಉಳಿಸಿಕೊಳ್ಳಲು ಇವರಿಬ್ಬರೂ ಇನ್ನೆಷ್ಟು ಸಲ ಬಾವಿಗೆ ಇಳಿಯಬೇಕೋ ಎಂದು ಆಕೆ ಯೋಚಿಸಿದಳು.

"ಸಾಧ್ಯವಿಲ್ಲ," ಎಂದಳು ನೀಲಾಂಬಿಕೆ. ತನ್ನ ಯಂತ್ರದ ಬಗ್ಗೆ ಆಕೆ ಹೇಳಿದ ಮೊದಲ ಸುಳ್ಳು ಅದು. "ಬಾವಿಯ ಮಾತು ಯಾವ ಯಂತ್ರಕ್ಕೂ ಕೇಳಿಸುವುದಿಲ್ಲ. ಇವತ್ತು ಮಸೂದೆ ಪಾಸಾದಾಗಲೂ ಇದು ಸೊನ್ನೆಯನ್ನೇ ತೋರಿಸಿತು, ನೀವೇ ನೋಡಿದ್ದೀರಿ. ಇದನ್ನು ನಂಬಬೇಡಿ. ತೆಗೆಸಿಬಿಡಿ."

ಸಭಾಧ್ಯಕ್ಷರ ಮುಖ ಸಣ್ಣದಾಯಿತು. ಹಂಪಮ್ಮನವರು ಥಟ್ಟನೆ ಎದ್ದು ಯಂತ್ರವನ್ನು ತೆಗೆಸುವ ನಿರ್ಣಯ ಮಂಡಿಸಿದರು. ಅಮರೇಗೌಡರು ಎದ್ದು ಅನುಮೋದಿಸಿದರು. ಈ ಸಲ ಬಾವಿಗೆ ಯಾರೂ ಇಳಿಯಲಿಲ್ಲ.

"ಒಪ್ಪುವವರು ಹೌದು ಎನ್ನಿ."

"ಹೌದು," ಎಂದಿತು ಸದನ, ಒಂದೇ ದನಿಯಲ್ಲಿ.

ಫಲಕದ ಹಸಿರು ಅಂಕಿ ಗಿರ್ರನೆ ತಿರುಗಿ ನಿಂತಿತು: ನೂರು. ಆ ಅಂಕಿಯನ್ನು ನೀಲಾಂಬಿಕೆ ಪ್ರಯೋಗಾಲಯದಲ್ಲಿ ಕೂಡ ಎಂದೂ ಕಂಡಿರಲಿಲ್ಲ. ತನ್ನ ಯಂತ್ರ ಎಷ್ಟು ಕರಾರುವಾಕ್ಕಾಗಿ ಕೆಲಸ ಮಾಡುತ್ತದೆಂದು ಒಂದು ಕ್ಷಣ ಹೆಮ್ಮೆಪಟ್ಟು, ಇನ್ನೊಬ್ಬರು ತಲೆಯೆತ್ತಿ ನೋಡುವ ಮೊದಲೇ ಆಕೆ ನಿಯಂತ್ರಣ ಪೆಟ್ಟಿಗೆಯ ಗುಂಡಿ ಒತ್ತಿ ಅದನ್ನು ಆರಿಸಿದಳು.